ವಾರಿಜ ಕೇಳದ ಹಾಡು

ಮನೆಯಲ್ಲಿ ಸಾವಾದರೆ ವರ್ಷ ತುಂಬುವ ತನಕ ಏನೇನು ಮಾಡಬಾರದು ಎಂಬುದು ನಮ್ಮ ಕಡೆಯವರಿಗೆ ಬಾಯಿಪಾಠ. ಹಬ್ಬ ಮಾಡಬಾರದು. ಮದುವೆಗೆ ಹೋದರೂ ಮುಂದಿನ ಸಾಲಿನಲ್ಲಿ ಕೂರಬಾರದು. ಹೊಸ ಅಂಗಿ ಹಾಕಿದರೆ ಅದು ಹಳೆಯದರಂತೆ ಕಾಣಬೇಕು. ಸಮುದ್ರ ದಾಟಿ ಬಹ್ರೇನಿಗೆ ಬಂದರೂ ಈ ಜ್ಞಾನ ಒಂದಿಷ್ಟೂ ಒದ್ದೆಯಾಗದೆ ನಮ್ಮ ಜೊತೆಗೇ ಬಂದಿದೆ. ಹಾಡಿನ ವಿಷಯದಲ್ಲಿ ಮಾತ್ರ ಶಾಸ್ತ್ರ ಸ್ವಲ್ಪ ಮಸುಕು. ಭಜನೆ ಕೇಳಬಹುದು. ಸಿನಿಮಾ ಹಾಡು ಬೇರೆಯವರ ಮನೆಯಲ್ಲಿ ತಾನಾಗಿ ಕಿವಿಗೆ ಬಿದ್ದರೆ ದೋಷವಿಲ್ಲ. ಆದರೆ ಭಜನೆಯೂ ಅಲ್ಲದ, ಸಿನಿಮಾದ್ದೂ ಅಲ್ಲದ ಇಂಡಿ ಹಾಡನ್ನು, ಹೆಂಡತಿ ತೀರಿಕೊಂಡು ವರ್ಷ ತುಂಬದವನು ಕಾರಿನಲ್ಲಿ ಗಟ್ಟಿಯಾಗಿ ಹಾಕಿಕೊಂಡು ಹೋಗಬಹುದೇ? ಯಾವ ಭಟ್ಟರೂ ಇದಕ್ಕೆ ಉತ್ತರ ಹೇಳಿಟ್ಟಿಲ್ಲ. ಹಾಗಾಗಿ ನಾನು ಈ ವರ್ಷ ಕಿಟಕಿಯ ಗಾಜು ಏರಿಸಿಕೊಂಡು ಕೇಳಿದೆ.

ಇಂಡಿ ಹಾಡೆಂದರೆ ಏನೆಂದು ನನ್ನ ಪರಿಚಯದವರಲ್ಲಿ ಹೆಚ್ಚಿನವರಿಗೆ ಈಗಲೂ ಗೊತ್ತಿಲ್ಲ. ಗೊತ್ತಿಲ್ಲದೆ ಅವರಿಗೆ ನಷ್ಟವೂ ಆಗಿಲ್ಲ. ಯಾವುದೋ ಊರಿನ ಇಬ್ಬರು ಮೂವರು ಹುಡುಗರು ತಾವೇ ಬರೆದು, ತಾವೇ ರಾಗ ಹಾಕಿ, ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಂಡು ಹಾಡಿ, ಅದನ್ನು ಮೊಬೈಲಿಗೆ ಬಿಡುತ್ತಾರೆ. ನಿರ್ಮಾಪಕನಿಲ್ಲ, ಹೀರೋ ಇಲ್ಲ, ಕೇಳುವವರೂ ಬಹುತೇಕ ಇಲ್ಲ. ಇದ್ದವರಲ್ಲಿ ನಾನೊಬ್ಬ. ಸಲ್ಮಾಬಾದಿನ ಒಂದು ಗೋದಾಮಿನಲ್ಲಿ ಏಸಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವ, ಐವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯನಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ನನ್ನ ಹೆಂಡತಿ ವಾರಿಜ ಆಗಾಗ ಕೇಳುತ್ತಿದ್ದಳು. ಹತ್ತಿಸಿದವಳು ಅವಳೇ. ಮಾಹೂಝಿನಲ್ಲಿ ಅವಳು ಕೆಲಸ ಮಾಡುತ್ತಿದ್ದ ಹಲ್ಲಿನ ಕ್ಲಿನಿಕ್ಕಿನಲ್ಲಿ ಕಾಯುವವರಿಗೆ ಬೇಸರವಾಗದಿರಲಿ ಎಂದು ಡಾಕ್ಟರು ಮೆಲ್ಲನೆಯ ಹಾಡು ಹಾಕಿಸುತ್ತಿದ್ದರು. ಅಲ್ಲಿಂದ ಒಂದು ಹಾಡು ಅವಳು ಮನೆಗೆ ತಂದಳು, ನೆಗಡಿ ತಂದ ಹಾಗೆ. ಅವಳಿಗೆ ಬೇಗ ವಾಸಿಯಾಯಿತು. ನನಗೆ ಆಗಲಿಲ್ಲ.

"ಇಂಡಿ ಅಂದ್ರೆ ಎಂತ ಗೊತ್ತುಂಟಾ ನಿಮಗೆ?" ಎನ್ನುತ್ತಿದ್ದಳು. "ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರ ಆಗ್ತದೆ ಅಂತ ಹೆದರಿಕೊಂಡು ಹಾಡುದು."

ಆದರೂ ಕೇಳುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಕಾರಿನಲ್ಲಿ ಹೊರಟು, ಚಹಾ ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದು, ಕರಕ್ ಚಾಯ್ ತರಿಸಿಕೊಂಡು, ನಾನು ವಾರವಿಡೀ ಹುಡುಕಿ ಇಟ್ಟ ಹಾಡುಗಳನ್ನು ಒಂದೊಂದಾಗಿ ಹಾಕುವುದು. ಅವಳು ಕಪ್ಪಿನ ಮೇಲಿಂದ ತೀರ್ಪು ಕೊಡುವುದು. "ಇವನಿಗೆ ಕೆಲಸ ಇಲ್ಲ." "ಇವಳಿಗೆ ಮದುವೆ ಆಗಿಲ್ಲ." "ಇದು ಪರವಾಗಿಲ್ಲ, ಆದ್ರೆ ಗಿಟಾರಿನವನಿಗೆ ಯಾರಾದ್ರೂ ಸಾಕು ಅಂತ ಹೇಳ್ಬೇಕಿತ್ತು." ಡಿಸೆಂಬರ್ ಬಂದಾಗ ಇಬ್ಬರೂ ಕೂತು ಆ ವರ್ಷದ ಇಷ್ಟದ ಹಾಡುಗಳನ್ನು ಆರಿಸುತ್ತಿದ್ದೆವು. ನಿಯಮ ಒಂದೇ: ಇಬ್ಬರ ಓಟೂ ಬಿದ್ದರೆ ಮಾತ್ರ ಹಾಡು ಒಳಗೆ. ನಮಗೆ ಮಕ್ಕಳಿಲ್ಲ, ಆದ್ದರಿಂದ ಮೂರನೆಯ ಅಭಿಪ್ರಾಯದ ತೊಂದರೆ ಇರಲಿಲ್ಲ.

ಮೇ ತಿಂಗಳಲ್ಲಿ ಅವಳು ಹೋದಳು. ಮೊದಲು ಜ್ವರ, ಆಮೇಲೆ ಎದೆ, ಆಮೇಲೆ ಇಲ್ಲ. ಊರಿಗೆ ಕರೆದುಕೊಂಡು ಹೋಗಿ ಉತ್ತರಕ್ರಿಯೆ ಮುಗಿಸಿ, ರಜೆಯೂ ಮುಗಿದದ್ದರಿಂದ, ವಾಪಸು ಬಂದೆ. ವಿಮಾನ ಇಳಿದ ಮರುದಿನ ಗೋದಾಮಿಗೆ ಹೋದರೆ ಬಾಗಿಲಲ್ಲೇ ಪಠಾಣ್ ಡ್ರೈವರ್ ಸಿಕ್ಕಿ, ಎಷ್ಟೋ ವರ್ಷಗಳಿಂದ ಪ್ರತಿ ಬೆಳಿಗ್ಗೆ ಕೇಳುವ ಹಾಗೆಯೇ "ಘರ್ ಮೇ ಸಬ್ ಠೀಕ್?" ಎಂದು ಕೇಳಿದ. ನಾನೂ ಪ್ರತಿ ಬೆಳಿಗ್ಗೆ ಹೇಳುವ ಹಾಗೆಯೇ "ಸಬ್ ಠೀಕ್" ಎಂದೆ. ಹೇಳಿದ ಮೇಲೆ ಇಬ್ಬರಿಗೂ ನೆನಪಾಯಿತು. ಅವನು ತಲೆ ತಗ್ಗಿಸಿ ಲಾರಿಯ ಟಯರು ನೋಡತೊಡಗಿದ. ನಾನೂ ಅದೇ ಟಯರನ್ನು ನೋಡಿದೆ. ಅದರಲ್ಲಿ ಗಾಳಿ ಸರಿಯಾಗಿಯೇ ಇತ್ತು.

ಸಾಂತ್ವನ ಹೇಳುವವರ ಬಗ್ಗೆ ಇಲ್ಲಿ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವರು ಒಳ್ಳೆಯವರು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈಯಬಹುದಿತ್ತು. "ಟೈಮ್ ಎಲ್ಲ ಸರಿ ಮಾಡ್ತದೆ" ಎಂದು ಒಬ್ಬರು ಹೇಳಿದರು. ಅವರ ಕಾರು ಎರಡು ವರ್ಷದಿಂದ ವರ್ಕ್‌ಶಾಪಿನಲ್ಲಿದೆ. ಟೈಮ್ ಅದನ್ನು ಸರಿ ಮಾಡಿದ್ದು ನಾನು ಕಂಡಿಲ್ಲ. ಇನ್ನೊಬ್ಬರು ದಿನವೂ ಬೆಳಿಗ್ಗೆ ಮೊಬೈಲಿಗೆ ಭಜನೆ ಕಳಿಸಿದರು. ಬೇಡ ಎನ್ನಲಾಗದೆ ಎಲ್ಲವನ್ನೂ ಒತ್ತಿ ನೋಡಿದೆ. ಅದರ ಫಲವಾಗಿ ನನ್ನ ಫೋನು ನಾನು ಸನ್ಯಾಸಕ್ಕೆ ಹೊರಟಿದ್ದೇನೆಂದು ತಿಳಿದು ಹಿಮಾಲಯದ ಪ್ರವಾಸದ ಜಾಹೀರಾತು ತೋರಿಸತೊಡಗಿತು.

ಈ ನಡುವೆ ಒಂದು ಅನ್ಯಾಯ ನಡೆಯಿತು. ಹೊಸ ಹಾಡುಗಳು ಬರುವುದು ನಿಲ್ಲಲಿಲ್ಲ.

ನಿಲ್ಲಬೇಕೆಂದು ನಾನು ನಿರೀಕ್ಷಿಸಿದ್ದೆನೆಂದರೆ ನೀವು ನಗುತ್ತೀರಿ. ಆದರೆ ಕನಿಷ್ಠ ಈ ವರ್ಷದ ಉಳಿದ ಹಾಡುಗಳಾದರೂ ಕೆಟ್ಟದಾಗಿರಬಾರದೇ? ಜೂನ್‌ನಲ್ಲಿ ಬಂದವು ಹಾಗೆಯೇ ಇದ್ದವು. ನನಗೆ ಒಂದು ರೀತಿಯ ತೃಪ್ತಿ. ಆಗಸ್ಟಿನಲ್ಲಿ, ಹೊರಗೆ ಬಿಸಿಲಿಗೆ ರಸ್ತೆ ಕುದಿಯುತ್ತಿದ್ದ ಒಂದು ಶುಕ್ರವಾರ, ಅದೇ ಚಹಾ ಅಂಗಡಿಯ ಮುಂದೆ ಏಸಿ ಹಾಕಿಕೊಂಡು ಕೂತಿದ್ದಾಗ ಒಂದು ಹೊಸ ಹಾಡು ಬಂತು. ಬೆಂಗಳೂರಿನ ಯಾವುದೋ ಹುಡುಗಿ, ಒಂದೇ ಗಿಟಾರು. ಹಾಡಿನ ವಿಷಯ ಇಷ್ಟೇ: ಸ್ಕೂಟರು ನಿಲ್ಲಿಸಲು ಜಾಗ ಹುಡುಕುತ್ತಾ ಒಂದು ಬೀದಿಯಿಂದ ಇನ್ನೊಂದಕ್ಕೆ ಸುತ್ತಿ, ಕೊನೆಗೆ ಬಂದ ಕೆಲಸವೇ ಮರೆತು ಮನೆಗೆ ಮರಳುತ್ತಾಳೆ. ಅಷ್ಟಕ್ಕೆ ನನ್ನ ಕೈಯಲ್ಲಿದ್ದ ಚಹಾ ಆರಿ ತಣ್ಣಗಾಯಿತು. ಹಲವು ವರ್ಷಗಳಲ್ಲಿ ನಾನು ಕೇಳಿದ ಎಲ್ಲ ಹಾಡುಗಳಿಗಿಂತ ಅದು ಚೆನ್ನಾಗಿತ್ತು. ಹಾಡು ಮುಗಿದೊಡನೆ "ಹೇಗುಂಟು?" ಎಂದು ಪಕ್ಕದ ಸೀಟಿನ ಕಡೆ ತಿರುಗಿದೆ. ಅಲ್ಲಿ ಸೀಟು ಬೆಲ್ಟು ಇತ್ತು.

ಆ ಹುಡುಗಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ನಾಲ್ಕು ತಿಂಗಳು ಮುಂಚೆ ಹಾಡಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಎರಡು ವಾರ ಅದನ್ನು ಕೇಳದೆ ಶಿಕ್ಷೆ ಕೊಟ್ಟೆ. ಶಿಕ್ಷೆ ಯಾರಿಗೆ ಆಯಿತೆಂದು ನೀವೇ ಊಹಿಸಿ. ವರ್ಷದ ಅತ್ಯುತ್ತಮ ಹಾಡು ವಾರಿಜ ಕೇಳದ ಹಾಡಾದರೆ, ಅವಳಿಲ್ಲದ ಮೇಲೂ ಒಳ್ಳೆಯದು ಏನೋ ಆಗಬಹುದು ಎಂದು ನಾನು ಸಹಿ ಹಾಕಿ ಒಪ್ಪಿಕೊಂಡ ಹಾಗೆ. ಒಪ್ಪದಿದ್ದರೆ, ನನ್ನ ಕಿವಿಗೆ ನಾನೇ ಸುಳ್ಳು ಹೇಳಿದ ಹಾಗೆ. ಅವಳ ಓಟಿಲ್ಲದೆ ಅದನ್ನು ಮೊದಲ ಸ್ಥಾನದಲ್ಲಿ ಕೂರಿಸಲು ನನಗೆ ಧೈರ್ಯ ಬರಲಿಲ್ಲ. ಹೊರಗೆ ಇಡಲು ಮನಸ್ಸೂ ಬರಲಿಲ್ಲ. ಹೀಗೆ ಒಂದು ಸ್ಕೂಟರು ನಿಲ್ಲಿಸುವ ಹಾಡನ್ನು ಎಲ್ಲಿ ನಿಲ್ಲಿಸುವುದೆಂದು ತಿಳಿಯದೆ ಡಿಸೆಂಬರ್ ತನಕ ಸುತ್ತಿದೆ.

ಡಿಸೆಂಬರಿನಲ್ಲಿ ನಮ್ಮ ಕೆಲವು ಮನೆಯವರು ಸದಾನಂದಣ್ಣನ ಫ್ಲಾಟಿನಲ್ಲಿ ಸೇರುವ ಪದ್ಧತಿ ಇದೆ. ಸದಾನಂದಣ್ಣನಿಗೆ ಮೀನಾ ಸಲ್ಮಾನಿನಲ್ಲಿ ವೆಲ್ಡಿಂಗ್ ವರ್ಕ್‌ಶಾಪ್, ಮನೆಯಲ್ಲಿ ದೊಡ್ಡ ಸ್ಪೀಕರ್. ಆ ದಿನ ಪ್ರತಿಯೊಬ್ಬರೂ ತಮ್ಮ ವರ್ಷದ ಇಷ್ಟದ ಹಾಡುಗಳನ್ನು ಹಾಕಿ ಎಲ್ಲರಿಗೂ ಕೇಳಿಸಬೇಕು. ನನ್ನ ಸರದಿ ಬಂದಾಗ ಗೋಳಿಬಜೆ ಆಯಿತೋ ನೋಡಲು ಹೆಂಗಸರು ಅಡುಗೆಮನೆಗೂ, ಕಾರು ಅಡ್ಡ ನಿಲ್ಲಿಸಿದ್ದು ನೆನಪಾಗಿ ಗಂಡಸರು ಕೆಳಗೂ ಹೋಗುತ್ತಿದ್ದರು. ವಾರಿಜ ಒಬ್ಬಳು ಸೋಫಾದಲ್ಲಿ ಕೂತು, ಖಾಲಿ ಕುರ್ಚಿಗಳನ್ನು ನೋಡಿ ನಗುತ್ತಿದ್ದಳು.

ಈ ಸಲ ಸದಾನಂದಣ್ಣ ಫೋನು ಮಾಡಿದರು. ಹವೆಯ ಬಗ್ಗೆ ಕೇಳಿದರು. ಒಂದೇ ಊರಿನಲ್ಲಿರುವ ಇಬ್ಬರು ಹವೆಯ ಬಗ್ಗೆ ಮಾತಾಡಿದರೆ ಮುಂದೆ ಏನೋ ಇದೆ ಎಂದರ್ಥ.

"ಅಲ್ಲ ಪ್ರಭಾಕರ, ನೀವು ಬರ್ಲೇಬೇಕು. ಆದ್ರೆ ವರ್ಷಾಂತಿಕ ಆಗಲಿಲ್ಲ ಅಲ್ವಾ. ನಂಗೇನೂ ಇಲ್ಲ ಮಾರಾಯ್ರೆ, ಕೆಲವರು ಹೇಳ್ತಾರೆ."

"ಬರುದಿಲ್ಲ ಬಿಡಿ, ಸದಾನಂದಣ್ಣ."

"ಹಾಗಲ್ಲ, ಹಾಗಲ್ಲ. ನಾನೊಂದು ದಾರಿ ನೋಡಿದ್ದೇನೆ. ವಾರಿಜನಿಗೆ ಇಷ್ಟ ಇದ್ದದ್ದನ್ನೇ ಹಾಕಿ. ಆಗ ಅದು ಹಾಡಲ್ಲ, ಶ್ರದ್ಧಾಂಜಲಿ. ಶ್ರದ್ಧಾಂಜಲಿಗೆ ದೋಷ ಇಲ್ಲ."

ವೆಲ್ಡಿಂಗ್ ಗೊತ್ತಿದ್ದವರು ಏನನ್ನು ಬೇಕಾದರೂ ಜೋಡಿಸುತ್ತಾರೆ.

ಹೋದೆ. ಮೊದಲಿಗೆ, ಕಾರಿನಲ್ಲಿ ಕೇಳಿ ಅವಳು ಪರವಾಗಿಲ್ಲ ಎಂದಿದ್ದ ಜನವರಿ-ಫೆಬ್ರವರಿಯ ನಾಲ್ಕು ಹಾಡು ಹಾಕಿದೆ. ಒಬ್ಬರೂ ಏಳಲಿಲ್ಲ. ಅಡುಗೆಮನೆಯಲ್ಲಿ ಎಣ್ಣೆ ಕಾದು ಹೊಗೆ ಬಂದರೂ ಯಾರೂ ಕದಲಲಿಲ್ಲ. ಎಲ್ಲರೂ ಕೈ ಕಟ್ಟಿಕೊಂಡು, ತಲೆ ಬಗ್ಗಿಸಿಕೊಂಡು ಕೇಳಿದರು. ಉಡುಪಿ ಕಡೆಯ ಹುಡುಗರು ದೋಣಿಯ ಇಂಜಿನ್ನಿನ ಶಬ್ದಕ್ಕೆ ಡ್ರಮ್ಮು ಸೇರಿಸಿ ಕಿರುಚಿದ ಹಾಡಿಗೂ ಒಬ್ಬರು ಕಣ್ಣೊರೆಸಿಕೊಂಡು "ಎಷ್ಟು ಅರ್ಥ ಉಂಟಲ್ವಾ" ಎಂದರು. ವರ್ಷಗಳಿಂದ ಇವರು ನನ್ನ ಹಾಡು ಕೂತು ಕೇಳಲಿ ಎಂದು ಹಂಬಲಿಸಿದ್ದೆ. ಅದಕ್ಕೆ ಇಷ್ಟು ಬೆಲೆ ಎಂದು ಯಾರೂ ಮೊದಲು ತಿಳಿಸಿರಲಿಲ್ಲ.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಅಷ್ಟು ದೊಡ್ಡ ಸ್ಪೀಕರಿನಲ್ಲಿ ಆ ಹುಡುಗಿಯ ಹಾಡು ಒಮ್ಮೆ ಹೇಗೆ ಕೇಳಿಸುತ್ತದೋ ಎಂಬ ಆಸೆ ತಡೆಯಲಾಗಲಿಲ್ಲ. ಹಾಕಿದೆ. ಕೋಣೆಯಿಡೀ ಅವಳು ಸ್ಕೂಟರಿನಲ್ಲಿ ಸುತ್ತಿದಳು. ಮುಗಿದಾಗ ಸದಾನಂದಣ್ಣ ಮೆಲ್ಲನೆ ಕೇಳಿದರು, "ಇದು ಸಹ ಅವಳಿಗೆ ಇಷ್ಟ ಇದ್ದದ್ದೇ ಅಲ್ವಾ?"

ಎಲ್ಲರೂ ನನ್ನ ಮುಖ ನೋಡಿದರು. ಇಲ್ಲವೆಂದರೆ ನಾನು ಹೆಂಡತಿ ಸತ್ತ ವರ್ಷವೇ ಮಜಾ ಮಾಡಲು ಬಂದವನು. "ಹೌದು," ಎಂದೆ. "ತುಂಬಾ ಇಷ್ಟ."

"ನಂಗೆ ಗೊತ್ತುಂಟು," ಎಂದರು ಜಲಜಕ್ಕ, ಸದಾನಂದಣ್ಣನ ಹೆಂಡತಿ. "ನನ್ನತ್ರ ಹೇಳಿದ್ದಳು ಈ ಹಾಡಿನ ವಿಷಯ. ಕೋಲ್ಡ್ ಸ್ಟೋರ್ ಅಂಗಡಿಯಲ್ಲಿ ಮೊಸರು ತೆಗೊಳ್ಳುವಾಗ."

ನಾನು ದಂಗಾದೆ. ಹುಡುಗಿ ಹಾಡುವುದಕ್ಕೆ ಎಷ್ಟೋ ಮುಂಚೆಯೇ ವಾರಿಜ ಹೋಗಿದ್ದಳು. ಸದಾನಂದಣ್ಣ ಸ್ಪೀಕರಿಗೆ ಜೋಡಿಸಿದ್ದ ನನ್ನ ಫೋನನ್ನು ಕನ್ನಡಕದ ಹತ್ತಿರ ಹಿಡಿದುಕೊಂಡಿದ್ದರು. "ಇದರಲ್ಲಿ ಆಗಸ್ಟ್ ಅಂತ ತೋರಿಸ್ತದಲ್ಲ ಮಾರಾಯ್ತಿ."

"ನಿಮಗೆ ಫೋನು ನೋಡ್ಲಿಕ್ಕೆ ಗೊತ್ತುಂಟಾ? ಮೊನ್ನೆ ಗ್ಯಾಸಿನವನಿಗೆ ಮಾಡುದು ಅಂತ ಬ್ಯಾಂಕಿಗೆ ಮಾಡಿದ್ರಿ. ಇಡಿ ಅದನ್ನು."

ಅವರು ಇಟ್ಟರು. ಜಲಜಕ್ಕನ ಮುಖದಲ್ಲಿ ಸುಳ್ಳಿನ ಗುರುತೇ ಇರಲಿಲ್ಲ. ಸತ್ತವರ ಮನೆಯವರು ಏನು ಹೇಳಿದರೂ ಹೌದೆನ್ನಬೇಕು, ಸಾಧ್ಯವಾದರೆ ಸಾಕ್ಷಿಯನ್ನೂ ಹೇಳಬೇಕು ಎಂಬುದೂ ನಮ್ಮವರ ಒಂದು ಧರ್ಮ. ನನ್ನ ಹೆಂಡತಿಯನ್ನು ಮೊಸರಿನ ಮುಂದೆ ನಿಲ್ಲಿಸಿ ಹೇಳದ ಮಾತು ಹೇಳಿಸಿದ್ದಕ್ಕೆ ಸಿಟ್ಟು ಬರಬೇಕಿತ್ತು. ಬರುತ್ತಲೂ ಇತ್ತು. ಅಷ್ಟರಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ಕೇಳಿಬಿಟ್ಟಿತು: "ಎಂತ ಹೇಳಿದಳು, ಜಲಜಕ್ಕ?"

ಜಲಜಕ್ಕ ಒಂದು ಕ್ಷಣ ಕಿಟಕಿಯ ಕಡೆ ನೋಡಿದರು. "ಎಂತ ಅಂದ್ರೆ... ಹುಡುಗಿ ಒಳ್ಳೆ ಹಾಡ್ತಾಳೆ ಅಂದಳು. ಆದ್ರೆ ಕೊನೆಗೆ ಸ್ವಲ್ಪ ಉದ್ದ ಆಯ್ತು ಅಂತ."

"ಉದ್ದ ಏನೂ ಆಗಲಿಲ್ಲ," ಎಂದೆ ನಾನು, ತಕ್ಷಣ. "ಅವಳಿಗೆ ತಾಳ್ಮೆ ಇಲ್ಲ. ಹುಡುಗಿ ಮನೆಗೆ ವಾಪಸು ಬರ್ಬೇಕಲ್ಲ, ಅದಕ್ಕೆ ಅಷ್ಟು ಹೊತ್ತು ಬೇಕು. ಅರ್ಧ ದಾರಿಯಲ್ಲಿ ನಿಲ್ಲಿಸ್ಲಿಕ್ಕೆ ಆಗ್ತದಾ?"

"ನಂಗೆಂತ ಗೊತ್ತು, ಪ್ರಭಾಕರಣ್ಣ. ಅವಳು ಹೇಳಿದ್ದು ನಾನು ಹೇಳಿದೆ."

"ಹಾಗೆ ಹೇಳಿದ್ರೆ ಹೇಗೆ? ಕೊನೆಯ ಭಾಗ ಸರಿ ಕೇಳಿದ್ದಾಳಾ ಅವಳು?"

ನನ್ನ ಸ್ವರ ಏರಿತ್ತು. ಗಂಡಸರು ಒಬ್ಬೊಬ್ಬರಾಗಿ ಕಾರು ನೋಡಲು ಕೆಳಗೆ ಹೊರಟರು. ನಾನು ಗೋಳಿಬಜೆಯ ತಟ್ಟೆ ಹಿಡಿದುಕೊಂಡು ಜಲಜಕ್ಕನೊಡನೆ ಆ ಹಾಡಿನ ಕೊನೆಯ ನಿಮಿಷದ ಪರವಾಗಿ ವಾದಿಸುತ್ತಲೇ ಇದ್ದೆ. ಮೇ ತಿಂಗಳ ನಂತರ ನಾನು ಒಂದೇ ಸಮನೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಮನೆಗೆ ಬರುವಾಗ ಕಾರಿನಲ್ಲಿ ಅದನ್ನು ಮತ್ತೆ ಹಾಕಿ, ಕೊನೆಯ ಭಾಗವನ್ನು ಗಮನವಿಟ್ಟು ಕೇಳಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಉದ್ದವೇ ಆಯಿತು. ಎರಡನೆಯ ಸ್ಥಾನದಲ್ಲಿ ನಿಲ್ಲಿಸಿದ್ದೇನೆ. ಮನೆಯಲ್ಲೇ ಒಬ್ಬರ ಆಕ್ಷೇಪಣೆ ಇರುವಾಗ ನಾನೊಬ್ಬನೇ ಏನು ಮಾಡಲಿಕ್ಕಾಗುತ್ತದೆ?