ಕಾಕಾ ಆಲೇ!

"ನನ್ನ ಮಗಳು ನೌಕರಿ ಬೇಡಾಕಿ ಅಲ್ಲ, ನೌಕರಿ ಕೊಡಾಕಿ ಆಗ್ಬೇಕು!" ಎಂದು ನಾನು ಘೋಷಿಸಿದ್ದು ಮರಾಠಿ ಸೀಮೆಯ ಸಾನಪಾಡಾದ ನಮ್ಮ ಮನೆಯ ಅಡುಗೆಕಟ್ಟೆಯ ಮುಂದೆ. ಮಗಳು ಆಶ್ರಿತಾಳ ಒಂಬತ್ತನೇ ತರಗತಿಗೆ ಉದ್ಯಮಶೀಲತೆ ಎಂಬ ಹೊಸ ವಿಷಯ ಬಂದಿತ್ತು. ಪಾಠ ಓದಿದರೆ ಸಾಲದು, ಒಂದು ಧಂದೆ ನಡೆಸಿ ತೋರಿಸಬೇಕು. ಅಂಕ ಅದಕ್ಕೇ!

"ಮೊದ್ಲ ಕುಕ್ಕರಿನ ಸೀಟಿ ಲೆಕ್ಕ ಇಡ್ರಿ," ಎಂದಳು ನನ್ನ ಹೆಂಡತಿ ಮಲ್ಲಿಕಾ.

ನಾನು ಬಿಡುವವನೇ? ವಿಜಯಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಇದನ್ನು ಹೇಳಿದ್ದೇನೆ. ಮರೆತಿರಬಹುದೆಂದು ಮತ್ತೆ ಮತ್ತೆ ಹೇಳುತ್ತೇನೆ. ಜೊತೆಗೆ ಶಿಸ್ತು, ಉಳಿತಾಯ, ಮುಂಜಾನೆ ಏಳುವುದು ಇತ್ಯಾದಿ ಉಪದೇಶ ಉಚಿತ.

"ಕೇಳವ್ವಾ, ಜನರಿಗೆ ಏನು ತ್ರಾಸ ಐತಿ ಅಂತ ಹುಡುಕು. ಅದನ್ನ ತಪ್ಪಸು. ಗಿರಾಕಿ ತಾವಾಗೇ ಬರ್ತಾರ. ದೂರ ಹೋಗಬ್ಯಾಡ, ನಮ್ಮ ಬಿಲ್ಡಿಂಗಿನಾಗ ಕೇಳು."

"ಪಕ್ಕಾ, ಪಪ್ಪಾ?"

"ಪಕ್ಕಾ! ಧಂದೆಯ ಗುಟ್ಟು ಮಾತ್ರ ಯಾರಿಗೂ ಹೇಳಬ್ಯಾಡ. ನನಗೂ!"

ವಿಧೇಯ ಹುಡುಗಿ. ಎರಡನ್ನೂ ಅಕ್ಷರಶಃ ಪಾಲಿಸಿದಳು.

ಆಮೇಲೆ ನಮ್ಮ ಕಟ್ಟಡಕ್ಕೆ ಏನೋ ಆಯಿತು. ನಾನು ಲಿಫ್ಟಿಗೆ ಬಂದರೆ ಜನ ಮೆಟ್ಟಿಲು ಹತ್ತುತ್ತಿದ್ದರು. ತೋಟದ ಬೆಂಚು ನಾನು ತಲುಪುವ ಮೊದಲೇ ಖಾಲಿ, ಇನ್ನೂ ಬೆಚ್ಚಗೆ! ಆಹಾ, ನನ್ನ ಆರೋಗ್ಯದ ಉಪದೇಶ ಫಲಿಸಿತು, ಎಲ್ಲರೂ ವ್ಯಾಯಾಮಕ್ಕೆ ಇಳಿದಿದ್ದಾರೆ ಎಂದು ಹಿಗ್ಗಿದೆ.

ಒಂದು ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ಕೆಳಮನೆಯ ಪ್ರೇಮನಾಥರು ಸಿಕ್ಕಿಬಿದ್ದರು. ಅವರ ಕೈಯಲ್ಲಿದ್ದ ಫೋನು ಆಗಲೇ ಟಿಣ್ ಎಂದಿತು. ನನ್ನ ಕಣ್ಣೆದುರೇ ಮರಾಠಿಯಲ್ಲಿ ಸಂದೇಶ: "ಕಾಕಾ ಆಲೇ!" ಅಂದರೆ, ಕಾಕಾ ಬಂದರು! ಬಿಲ್ಡಿಂಗಿನವರಿಗೆಲ್ಲ ಕಾಕಾ ಅಂದರೆ ನಾನೇ. ಕೆಳಗೆ ಇನ್ನೊಂದು ಸಾಲು: "ಹಾಲಿನ ಅಂಗಡಿ ಕಡೆ. ಇಂದಿನ ವಿಷಯ: ಶಿಸ್ತು." ಕಳಿಸಿದವರ ಜಾಗದಲ್ಲಿ ನನ್ನ ಮಗಳ ಫೋಟೋ!

"ಎಂತ ಹೇಳೂದು ಮಾರಾಯ್ರೆ, ಬೇಜಾರು ಮಾಡ್ಬೇಡಿ," ಎಂದರು ಪ್ರೇಮನಾಥರು. "ಕೊಟ್ಟ ದುಡ್ಡಿಗೆ ನಿಮ್ಮ ಮಗಳ ಸರ್ವಿಸ್ ಭಾರೀ ಒಳ್ಳೇದುಂಟು. ಇವತ್ತು ಮಾತ್ರ ಸ್ವಲ್ಪ ಲೇಟಾಯ್ತು."

ಮನೆಗೆ ಬಂದು ಮಗಳ ಮೇಲೆ ಗುಡುಗಿದೆ. "ಸ್ವಂತ ಅಪ್ಪನ್ನ ಮಾರಾಟಕ್ಕಿಟ್ಟೀಯಲ್ಲ!"

"ಬಿಲ್ಡಿಂಗಿನಾಗ ತ್ರಾಸ ಹುಡುಕು ಅಂದವರು ನೀವ," ಎಂದಳು ಮಲ್ಲಿಕಾ.

"ನೀರಿನ ತ್ರಾಸ ಯಾರೂ ಹೇಳ್ಲಿಲ್ಲೇನು?"

"ಹೇಳಿದ್ರು. ಅದು ಎರಡನೇ ನಂಬರ್," ಎಂದಳು ಆಶ್ರಿತಾ.

"ಇಕಿ ಶಾಲೆಯಾಗಿದ್ದಾಗ ನಾ ಹೊರಬಿದ್ದದ್ದು ಹೆಂಗ ಗೊತ್ತಾಗ್ತದ?" ಎಂದು ಮಲ್ಲಿಕಾಳನ್ನು ಕೇಳಿದೆ.

"ಇಕಿ ಫೋನು ಮನ್ಯಾಗ ಇರ್ತದಲ್ಲ, ನೀವು ಚಪ್ಪಲಿ ಮೆಟ್ಟಿದ ಕೂಡ್ಲೇ ಅದರಿಂದ ಮೆಸೇಜ್ ಹಾಕಾಕಿ ನಾ. ಪಾಲುದಾರಳು!"

ಅಂದೇ ಭೀಷಣ ಪ್ರತಿಜ್ಞೆ ಮಾಡಿದೆ: ಇನ್ನು ಈ ಕಟ್ಟಡದಲ್ಲಿ ಮೌನ! ಬೇಲಾಪುರದ ಆಫೀಸು, ಮನೆ, ಬಾಯಿಗೆ ಬೀಗ. ಜನ ಲಿಫ್ಟಿನಲ್ಲಿ ಹೆದರುತ್ತಲೇ ನನ್ನ ಪಕ್ಕ ನಿಂತರು. ಏನೂ ಆಗಲಿಲ್ಲ. ಆಮೇಲೆ ಧೈರ್ಯವಾಗಿ ನಿಂತರು. ವಾರ ಕಳೆಯುವಷ್ಟರಲ್ಲಿ ಆಶ್ರಿತಾ ಅಳುತ್ತ ಬಂದಳು.

"ಪಪ್ಪಾ, ಸಬ್ ಕ್ಯಾನ್ಸಲ್ ಕರ್ ರಹೇ ಹೈಂ! ಒಬ್ರೂ ಗಿರಾಕಿ ಉಳಿದಿಲ್ಲ! ಸಂಡೇ ಟೀಚರ್ ಚೆಕಿಂಗಿಗೆ ಬರ್ತಾರೆ. ಧಂದಾ ಚಾಲೂ ಇಲ್ಲಾಂದ್ರೆ ನಾನು ಫೇಲ್!"

"ಊರಿಗೆಲ್ಲ ತೆರೆದಿದ್ದ ಬಾಯಿ, ಮಗಳ ಸಲುವಾಗಿ ತೆರಿಯಾಕ ಬರೂದಿಲ್ಲೇನು? ಮಾತಾಡ್ರೀ!" ಎಂದು ಮಲ್ಲಿಕಾ ನನ್ನ ಚಪ್ಪಲಿಯನ್ನು ತಾನೇ ತಂದಿಟ್ಟಳು. ಮದುವೆಯಾದ ಮೇಲೆ ಆಕೆ ನನಗೆ ಮಾತಾಡೆಂದದ್ದು ಅದೇ ಮೊದಲು!

ಶನಿವಾರ ಲಿಫ್ಟಿನಲ್ಲಿ ಉಳಿತಾಯದ ಬಗ್ಗೆ ಮೇಲಕ್ಕೂ ಕೆಳಕ್ಕೂ ಉಪನ್ಯಾಸ ಮಾಡಿದೆ. ರಾತ್ರಿಯೊಳಗೆ ಗಿರಾಕಿಗಳೆಲ್ಲ ವಾಪಸ್. ಭಾನುವಾರ ಟೀಚರ್ ಬಂದು ತೋಟದಲ್ಲಿ ನಿಂತರು. ನಾನು ಸೇನಾಪತಿಯಂತೆ ಕೆಳಗಿಳಿದೆ. ಟಿಣ್, ಟಿಣ್, ಟಿಣ್! ಯೋಗ ಮಾಡುತ್ತಿದ್ದವರು ಚಾಪೆ ಸಮೇತ ಓಡಿದರು. ಮಂಡಿನೋವಿನ ಅಜ್ಜಿಯೊಬ್ಬರು ಎಲ್ಲರಿಗಿಂತ ಮುಂದಿದ್ದರು. ಕ್ಷಣದಲ್ಲಿ ತೋಟ ನಿರ್ಜನ.

"ಅದ್ಭುತ! ಪೂರ್ತಿ ಅಂಕ," ಎಂದರು ಟೀಚರ್ ಹಿಂದಿಯಲ್ಲಿ. ಅವರೂ ದಿನಾ ಸಾನಪಾಡಾ ಸ್ಟೇಷನ್ನಿನಿಂದಲೇ ಲೋಕಲ್ ಹಿಡಿಯುತ್ತಾರಂತೆ.

ನನ್ನ ಎದೆ ತುಂಬಿ ಬಂತು. "ಹಾಗಾದರೆ ದಿನಾ ಭೇಟಿಯಾಗಬಹುದು! ನೋಡಿ ಮೇಡಂ, ನಮ್ಮ ಹಳ್ಳಿಯಲ್ಲಿ ಡಿಗ್ರಿ ಮಾಡಿದ ಮೊದಲಿಗ..."

ಟೀಚರ್ ತಲೆಯಾಡಿಸುತ್ತ ಕೇಳಿದರು. ಎಷ್ಟು ಶ್ರದ್ಧೆ! ಅವರ ಹೆಬ್ಬೆರಳು ಮಾತ್ರ ಫೋನಿನ ಮೇಲೆ ಸರಸರ ಓಡುತ್ತಿತ್ತು.

ಮೇಲಿನ ಕಿಟಕಿಯಿಂದ ಮಲ್ಲಿಕಾಳ ದನಿ ಕೇಳಿಸಿತು: "ಆಶ್ರಿತಾ, ಹೊಸ ಗಿರಾಕಿ ಬಂತು ನೋಡ!"