ಮಾವನವರ ರಕ್ತದ ಮಾದರಿ

ರಾತ್ರಿ ಹನ್ನೊಂದೂವರೆಗೆ ದಿಂಬಿನಡಿಯ ಫೋನು, ಸ್ಟೀಲ್ ಲೋಟಕ್ಕೆ ಒಂದೇ ಹನಿ ಬಿದ್ದ ಹಾಗೆ ಟಿಣ್ ಎಂದಿತು. ಸಂಧ್ಯಾ ಬೆಚ್ಚಿ ಎದ್ದು ಕುಳಿತಳು. ಅವಳು ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಭದ್ರಾವತಿಯ ಪುಟ್ಟ ರಕ್ತಪರೀಕ್ಷಾ ಕೇಂದ್ರದ ಮಾಲೀಕ ಮೂರ್ತಪ್ಪನವರ ಸಂದೇಶ: "ನಾಳೆ ಸಂಜೆಯೊಳಗೆ ಅರ್ಹ ಕೊರಿಯರ್ ಒಬ್ಬನನ್ನು ಆರಿಸಿ. ಇಲ್ಲದಿದ್ದರೆ ಶಿವಮೊಗ್ಗದ ಲ್ಯಾಬ್ ನಮ್ಮ ಮಾದರಿ ತೆಗೆದುಕೊಳ್ಳುವುದಿಲ್ಲ. ಕೇಂದ್ರ ಮುಚ್ಚಬೇಕಾಗುತ್ತದೆ."

ಕೇಂದ್ರ ಮುಚ್ಚಿದರೆ ಅವಳ ಕೆಲಸವೂ ಹೋದಂತೆಯೇ. ಅಲ್ಲಿಯವರೆಗೆ ರಕ್ತದ ಡಬ್ಬಿ ಬಸ್ಸಿನಲ್ಲಿ, ಡ್ರೈವರ್ ಪಕ್ಕ, ಹೂವಿನ ಬುಟ್ಟಿಯ ಜೊತೆ ಶಿವಮೊಗ್ಗಕ್ಕೆ ಹೋಗುತ್ತಿತ್ತು. ಒಮ್ಮೆ ಹೂವು ಲ್ಯಾಬಿಗೂ ರಕ್ತ ಮದುವೆಮನೆಗೂ ಹೋದ ಮೇಲೆ ಈ ನಿಯಮ ಬಂದಿತ್ತು.

ಬೆಳಿಗ್ಗೆ ಮೊದಲು ಬಂದವನು ಗುರು. ಕೇಂದ್ರದ ತಂತ್ರಜ್ಞ ಆನಂದನ ಹೆಂಡತಿಯ ತಮ್ಮ. ಮನೆಮನೆಗೆ ಊಟ ತಲುಪಿಸುವವನು.

"ಅಕ್ಕ, ಬಿರಿಯಾನಿನೇ ಬಿಸಿ ಆರದಂಗೆ ಒಯ್ತೀನಿ. ರಕ್ತ ಯಾವ ಲೆಕ್ಕ?"

"ರಕ್ತ ತಣ್ಣಗಿರ್ಬೇಕಪ್ಪ."

"ಹಂಗಾದ್ರೆ ನಿಧಾನಕ್ಕೆ ಒಯ್ತೀನಿ ಬಿಡಿ."

ಅವನನ್ನು ಕಳಿಸಿ ಸಂಧ್ಯಾ ತಲೆಯೆತ್ತಿದಾಗ ಎದುರಿನ ಕುರ್ಚಿಯಲ್ಲಿ ಇನ್ನೊಬ್ಬ ಕುಳಿತಿದ್ದ. ಹೆಜ್ಜೆಯ ಸದ್ದಾಗಿರಲಿಲ್ಲ. ಬಾಗಿಲಲ್ಲೇ ಇದ್ದ ಆಯಾ ಸಾವಿತ್ರಮ್ಮ, "ನಾನಂತೂ ಒಳಗೆ ಬಂದಿದ್ದು ನೋಡ್ಲಿಲ್ಲ" ಎಂದರು. ಬಿಳಿ ಅಂಗಿ, ಕುತ್ತಿಗೆಯವರೆಗೂ ಗುಂಡಿ. ಹೆಸರು ವಿಜಯೇಂದ್ರ.

"ಎರಡರಿಂದ ಎಂಟು ಡಿಗ್ರಿ ತಾನೇ ಮೇಡಂ? ಡಬ್ಬಿಯೊಳಗೆ ಡಬ್ಬಿ, ನಡುವೆ ಹತ್ತಿ. ಚೆಲ್ಲಿದ್ರೆ ಒರೆಸೋ ಸಾಮಾನು ನನ್ನ ಹತ್ರಾನೇ ಇದೆ."

ತರಬೇತಿಯ ಸರ್ಟಿಫಿಕೇಟ್ ಕೊಡುವಾಗ ಅವನ ಬೆರಳು ತಗುಲಿತು. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಸೌತೆಕಾಯಿಯಂತಿತ್ತು.

"ಮುಂಚೆ ಎಲ್ಲಿ ಕೆಲಸ ಮಾಡ್ತಿದ್ರಿ?"

"ಶವದ ವ್ಯಾನ್ ಓಡಿಸ್ತಿದ್ದೆ. ಹತ್ತು ವರ್ಷ. ಒಯ್ದೋರಲ್ಲಿ ಒಬ್ರೂ ಕಂಪ್ಲೇಂಟ್ ಮಾಡಿಲ್ಲ."

ಅವನು ನಗಲಿಲ್ಲ. ಹಾಗಾಗಿ ಸಂಧ್ಯಾಳಿಗೂ ನಗಲಾಗಲಿಲ್ಲ.

ನಿಜವಾದ ರಕ್ತ ಕೊಟ್ಟು ಪರೀಕ್ಷಿಸುವ ಧೈರ್ಯ ಅವಳಿಗಿರಲಿಲ್ಲ. ಆನಂದ ಉಪಾಯ ಹೇಳಿದ. ಸಾವಿತ್ರಮ್ಮನ ಬುತ್ತಿಯ ಬೀಟ್‌ರೂಟ್ ಪಲ್ಯ ಹಿಂಡಿ ಟ್ಯೂಬಿಗೆ ತುಂಬುವುದು. ಲ್ಯಾಬಿನವರು "ಇದು ರಕ್ತವಲ್ಲ" ಎಂದು ಚೀಟಿ ಬರೆದು ತಿರಸ್ಕರಿಸುತ್ತಾರೆ; ತಲುಪಿದ ಹೊತ್ತು, ಡಬ್ಬಿಯ ತಂಪು ಎರಡೂ ಆ ಚೀಟಿಯಲ್ಲಿರುತ್ತವೆ. ಆದರೆ ಫಾರಂ ತುಂಬಲು ಹಳೆಯ ರೋಗಿಯೊಬ್ಬರ ಹೆಸರು, ನೋಂದಣಿ ನಂಬರ್ ಬೇಕಿತ್ತು. ಸಂಧ್ಯಾಳಿಗೆ ಬಾಯಿಪಾಠವಾಗಿದ್ದದ್ದು ಒಂದೇ: ಸಕ್ಕರೆ ಕಾಯಿಲೆಯಲ್ಲಿ ನರಳಿ, ಹನ್ನೊಂದು ತಿಂಗಳ ಹಿಂದೆ ತೀರಿಕೊಂಡ ಮಾವ ಭೈರಪ್ಪನವರದ್ದು.

"ಸತ್ತೋರ ಹೆಸರಲ್ಲಿ ರಕ್ತ ಕಳಿಸ್ತಾರಾ ಮಾರಾಯ್ತಿ? ಕರೆದಂಗಾಗುತ್ತೆ," ಎಂದರು ಸಾವಿತ್ರಮ್ಮ.

"ರಕ್ತ ಎಲ್ಲಿದೆ? ಅದು ನಿಮ್ಮ ಪಲ್ಯ."

"ಪಲ್ಯ ನಂದು. ಹೆಸರು ಅವರದೇ ಅಲ್ವಾ."

ವಿಜಯೇಂದ್ರ ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು ಬೈಕ್ ಹತ್ತಿದ. ಅವನ ಫೋನಿನ ಜಾಡು ಸಂಧ್ಯಾಳ ಪರದೆಯ ಮೇಲೆ ನೀಲಿ ಚುಕ್ಕೆಯಾಗಿ ಸರಿಯುತ್ತಿತ್ತು. ಅರ್ಧ ದಾರಿಯಲ್ಲಿ ಚುಕ್ಕೆ ನಿಂತಿತು. ದೊಡ್ಡದು ಮಾಡಿ ನೋಡಿದರೆ ಪಕ್ಕದಲ್ಲಿ 'ಸ್ಮಶಾನ' ಎಂದಿತ್ತು. ಅವಳು ಫೋನ್ ಮಾಡಿದಳು.

"ರೈಲ್ವೆ ಗೇಟ್ ಹಾಕಿದೆ ಮೇಡಂ. ಪೇಷಂಟ್ ಹೇಗಿದಾರೆ?"

"ಚೆನ್ನಾಗಿದಾರೆ."

"ಮನೇಲೇ ಇದಾರಾ?"

"ಹೂಂ." ಅದು ಸುಳ್ಳಲ್ಲ. ನಡುಮನೆಯ ಗೋಡೆಯ ಮೇಲೆ ಗಂಧದ ಹಾರದೊಳಗೆ ಇದ್ದರು.

ಆ ಕಡೆ ಫಾರಂ ತಿರುವಿದ ಸದ್ದು. "ಭೈರಪ್ಪ… ಈ ಹೆಸರಿನೋರನ್ನ ಎಲ್ಲಿಗೋ ಬಿಟ್ಟು ಬಂದ ನೆನಪು ಮೇಡಂ." ರೈಲು ಕೂಗಿತು, ಕರೆ ಕಡಿಯಿತು.

ಮೂರೂವರೆಗೆ ಅವಳ ಕಂಪ್ಯೂಟರಿಗೆ ಬಂದದ್ದು ತಿರಸ್ಕಾರದ ಚೀಟಿಯಲ್ಲ, ಪೂರ್ಣ ವರದಿ. ಹಿಮೋಗ್ಲೋಬಿನ್ ಹದಿಮೂರೂವರೆ. ಸಕ್ಕರೆ ನೂರಾ ಹನ್ನೆರಡು. ಕೆಳಗೆ ವೈದ್ಯರ ಟಿಪ್ಪಣಿ: "ಕಳೆದ ಸಲಕ್ಕಿಂತ ಬಹಳ ಸುಧಾರಣೆ. ಈಗಿನ ಆಹಾರಕ್ರಮವನ್ನೇ ಮುಂದುವರಿಸಿ."

ಸಂಧ್ಯಾ ವರದಿಯ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದಳು. ಅಷ್ಟರಲ್ಲಿ ಅತ್ತೆ ಪುಷ್ಪಮ್ಮನ ಫೋನು. ಮಾವನ ಹೆಸರಿನ ಜೊತೆ ಲ್ಯಾಬಿನಲ್ಲಿ ದಾಖಲಾಗಿದ್ದದ್ದು ಅವರ ಫೋನ್ ನಂಬರು.

"ಸಂಧ್ಯಾ, ಮಾವಂದು ರಿಪೋರ್ಟ್ ಬಂದಿದೆ ಕಣೇ. ಸಕ್ಕರೆ ಇಳಿದಿದೆ ಅಂತೆ." ಅವರ ದನಿ ಒದ್ದೆಯಾಗಿತ್ತು. "ಬದುಕಿದ್ದಾಗ ನನ್ನ ಮಾತು ಕೇಳ್ಲಿಲ್ಲ. ಅಲ್ಲಿ ಯಾರೋ ಸರಿಯಾಗಿ ಪಥ್ಯ ಮಾಡಿಸ್ತಿದಾರೆ. ನೋಡು, ಮೇಲೆ ಹೋದೋರ ಸಕ್ಕರೇನೂ ಹೇಳ್ತಾರೆ ಅಂದ್ರೆ ಎಂಥಾ ಲ್ಯಾಬು. ನಾಳೆ ನನ್ನ ರಕ್ತನೂ ಕಳಿಸು."

"ಅತ್ತೆ, ಅದು…" ಎಂದಳು ಸಂಧ್ಯಾ. ಅತ್ತೆ ಆಗಲೇ ದೀಪ ಹಚ್ಚಲು ಹೋಗಿದ್ದರು.

ಐದು ಗಂಟೆಗೆ ಮತ್ತೆ ಸದ್ದಿಲ್ಲದೆ ವಿಜಯೇಂದ್ರ ಎದುರಿಗಿದ್ದ. ಡಬ್ಬಿಯನ್ನು ಮೇಜಿನ ಮೇಲಿಟ್ಟ. ಬೆಳಿಗ್ಗೆ ಅವಳೇ ಹಚ್ಚಿದ ಸೀಲು ಹಾಗೇ ಇತ್ತು. ಒಳಗೆ ಟ್ಯೂಬು, ನಾಲ್ಕು ಡಿಗ್ರಿ.

"ಫಾರಂ ತಗೊಂಡ್ರು. ಡಬ್ಬಿ ಮೂಲೇಲಿಟ್ಟು ಹೋಗು ಅಂದ್ರು. ಆ ಮೂಲೇಲಿ ಇಂಥವೇ ನೂರಿನ್ನೂರು ಇದ್ವು ಮೇಡಂ, ಸೀಲೂ ಒಡೆದಿಲ್ಲ. ಸಹಿ ಇಲ್ದೆ ನಾನು ಹೆಣಾನೂ ಬಿಟ್ಟು ಬಂದೋನಲ್ಲ. ಅದಕ್ಕೇ ವಾಪಸ್ ತಂದೆ."

ಮೂರು ವರ್ಷದಿಂದ ಆ ಲ್ಯಾಬಿನ ವರದಿಗಳನ್ನು ಸಂಧ್ಯಾ ತನ್ನ ಸಹಿ ಹಾಕಿ ಹಂಚಿದ್ದಳು. ಅದೇ ಲ್ಯಾಬಿನ ಮಾತು ನಂಬಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದಳು. ಕೈ ತಾನಾಗಿ ಕುತ್ತಿಗೆ ಮುಟ್ಟಿಕೊಂಡಿತು.

ಮೂರ್ತಪ್ಪನವರ ಫೋನು ಬಂತು. "ರಿಪೋರ್ಟ್ ಟೈಮಿಗೆ ಬಂತಂತಲ್ಲ, ಭೇಷ್. ಯಾರನ್ನ ಆರಿಸಿದ್ರಿ?"

ಅವಳು ವಿಜಯೇಂದ್ರನನ್ನು ನೋಡಿದಳು. ಇವನನ್ನು ಇಟ್ಟುಕೊಂಡರೆ ದಿನವೂ ಡಬ್ಬಿ ಹೀಗೇ ತಿರುಗಿ ಬರುತ್ತದೆ. ದಿನವೂ ಅವಳು ಬಾಯಿ ಬಿಡಬೇಕಾಗುತ್ತದೆ. ಬಾಯಿ ಬಿಟ್ಟ ದಿನ ಕೇಂದ್ರಕ್ಕೆ ಬೀಗ.

"ಗುರು ಅಂತ ಸರ್. ಬಿರಿಯಾನಿ ಒಯ್ದು ಅಭ್ಯಾಸ ಇದೆ."

"ಇನ್ನೊಬ್ಬ ಏನೋ ಟ್ರೈನಿಂಗ್ ಆದೋನು ಬಂದಿದ್ದ ಅಂದ್ರು?"

"ಅವರಿಗೆ ಅರ್ಹತೆ ಸ್ವಲ್ಪ ಜಾಸ್ತಿ ಆಯ್ತು ಸರ್."

ವಿಜಯೇಂದ್ರ ಸರ್ಟಿಫಿಕೇಟ್ ಮಡಿಚಿ ಜೇಬಿಗಿಟ್ಟುಕೊಂಡ. "ಪೇಷಂಟಿಗೆ ಏನು ಹೇಳ್ತೀರಿ ಮೇಡಂ?" ಎಂದು ಕೇಳಿದ. ಅವಳು ಫೋನು ಕೆಳಗಿಟ್ಟು ತಲೆಯೆತ್ತುವಷ್ಟರಲ್ಲಿ ಕುರ್ಚಿ ಖಾಲಿಯಿತ್ತು.

ಸಂಧ್ಯಾ ಹೊಸ ಟ್ಯೂಬೊಂದನ್ನು ತೆಗೆದು, ಅದರ ಚೀಟಿಯ ಮೇಲೆ ದುಂಡಗೆ 'ಪುಷ್ಪಮ್ಮ' ಎಂದು ಬರೆದಳು. ಬರೆದು ಮುಗಿಸುವಷ್ಟರಲ್ಲಿ, ಈ ದಿನ ನಡೆದದ್ದನ್ನು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದ್ದಳು.