ಕ್ವಾಲಿಟಿ ಇನ್ಸ್‌ಪೆಕ್ಟರ್ ಕೊಂಡ ಒದ್ದೆ ಮನೆ

ಹಳೇ ಮನೆ ಕೊಂಡವರಿಗೆ ಹೇಳಿಕೊಳ್ಳೋ ಪ್ರಸಂಗಗಳು ಮುಗಿಯೋದೇ ಇಲ್ಲ. ಒಂದು ಗೋಡೆ ಒಣಗೋಷ್ಟರಲ್ಲಿ ಇನ್ನೊಂದು ಗೋಡೆ ಹೊಸದೊಂದನ್ನ ಕೊಡುತ್ತೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೆ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಪೀಸನ್ನ ಪಕ್ಕಕ್ಕೆ ಹಾಕೋದು ನನ್ನ ಕೆಲಸ. ಇಪ್ಪತ್ತು ವರ್ಷ ಹೀಗೆ ಬೇರೆಯವರ ತಪ್ಪು ಹುಡುಕಿದ ಮೇಲೆ, ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಸಮಯದಲ್ಲಿ, ಜಾಲಹಳ್ಳಿ ಹತ್ತಿರ ಒಂದು ಹಳೇ ಮನೆ ತಗೊಂಡೆ. ನನ್ನ ಹೆಂಡತಿಗೆ ಹೊಸದಾಗಿ ಕಟ್ಟಿದ ಅಪಾರ್ಟ್‌ಮೆಂಟಿನ ಎರಡನೇ ಮಹಡಿ ಮೇಲೆ ಮನಸ್ಸಿತ್ತು. "ನೆಲ ನಮ್ಮದಾಗಬೇಕು ಕಣೇ" ಅಂತ ನಾನೇ ಹಟ ಹಿಡಿದೆ. ನೆಲ ನಮ್ಮದಾಯ್ತು. ನೆಲದ ಕೆಳಗಿನ ನೀರೂ ನಮ್ಮದೇ ಆಯ್ತು.

ಮೊಣಕಾಲೆತ್ತರದ ಕ್ಯಾಲೆಂಡರ್

ಮನೆ ನೋಡಕ್ಕೆ ಹೋಗಿದ್ದು ಮಾರ್ಚ್ ತಿಂಗಳ ಉರಿಬಿಸಿಲಲ್ಲಿ. ಅದೇ ಮೊದಲನೇ ತಪ್ಪು. ಮನೆ ಮಾಲೀಕರು ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು. ಇಸ್ತ್ರಿ ಮಾಡಿದ ಬಿಳಿ ಶರಟು, ಮೆಲುದನಿ. ಒಳಗೆಲ್ಲ ಹೊಸ ಬಣ್ಣದ ವಾಸನೆ. ಹಾಲ್‌ ಗೋಡೆಗಳ ಮೇಲೆ ಒಟ್ಟು ಏಳು ಕ್ಯಾಲೆಂಡರ್ ನೇತಾಡುತ್ತಿದ್ದವು. ಅದರಲ್ಲಿ ಒಂದು ಮೊಣಕಾಲಿನ ಮಟ್ಟಕ್ಕಿತ್ತು.

"ಇದ್ಯಾಕೆ ಸಾರ್ ಇಷ್ಟು ಕೆಳಗೆ ಹಾಕಿದೀರಾ?" ಅಂತ ನನ್ನ ಹೆಂಡತಿ ಕೇಳಿದಳು.

"ಮಕ್ಕಳಿಗೆ ಕಾಣ್ಲಿ ಅಂತಮ್ಮ."

"ಎಷ್ಟು ವಯಸ್ಸು ಮಕ್ಕಳಿಗೆ?"

"ದೊಡ್ಡೋಳಿಗೆ ಮೂವತ್ತನಾಲ್ಕು."

ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಕಣ್ಣಲ್ಲೇ ಸುಮ್ನಿರು ಅಂದೆ. ಆ ಕ್ಯಾಲೆಂಡರನ್ನ ಒಂದು ಬೆರಳಲ್ಲಿ ಎತ್ತಿ ನೋಡಿದ್ದರೆ ಸಾಕಿತ್ತು. ಮರ್ಯಾದಸ್ಥರ ಮನೆಯಲ್ಲಿ ಗೋಡೆ ತಡಕೋದು ಚೆನ್ನಾಗಿರಲ್ಲ ಅಂದ್ಕೊಂಡೆ. ಕಾರ್ಖಾನೆಯಲ್ಲಿ ಯಾರ ಮರ್ಯಾದೆಯನ್ನೂ ನೋಡದ ನನಗೆ ಅವತ್ತು ಎಲ್ಲಿಂದ ಬಂತೋ ಆ ಸಂಕೋಚ.

ನಾವು ಸಾಮಾನು ತಂದ ದಿನ ಕ್ಯಾಲೆಂಡರ್‌ಗಳು ಇರಲಿಲ್ಲ. ಅವು ಇದ್ದ ಏಳು ಕಡೆಯೂ ಬಣ್ಣ ಹಪ್ಪಳದ ಹಾಗೆ ಉಬ್ಬಿಕೊಂಡಿತ್ತು. ಹೆಂಡತಿ ಒಂದೊಂದನ್ನೂ ಬೆರಳಿಟ್ಟು ಎಣಿಸಿ, "ಪಾಪ, ಕ್ಯಾಲೆಂಡರನ್ನಾದ್ರೂ ಬಿಟ್ಟು ಹೋಗಿದ್ರೆ ಉಪಕಾರ ಆಗ್ತಿತ್ತು" ಅಂದಳು.

ಪೂರ್ವ ದಿಕ್ಕು

ಮೊದಲ ಮಳೆಗಾಲಕ್ಕೇ ಗೋಡೆಗಳು ನೆಲದಿಂದ ಸೊಂಟದವರೆಗೂ ಕಪ್ಪಾದವು. ಪ್ಲಂಬರ್ ಬಂದು ನೋಡಿ, "ಪೈಪೆಲ್ಲಾ ಸರಿಯಾಗಿದೆ ಸಾರ್, ಇದು ಗಾರೆಯವರ ತಪ್ಪು" ಅಂದ. ಪೇಂಟರ್ ಬಂದು, "ನಮ್ಮ ಬಣ್ಣದ್ದೇನೂ ತಪ್ಪಿಲ್ಲ ಸಾರ್" ಅಂದ. ಬಣ್ಣದ ಬಗ್ಗೆ ಯಾರೂ ಮಾತೇ ಎತ್ತಿರಲಿಲ್ಲ.

ಕೊನೆಗೆ ಅದೇ ಊರಿನ ಹಳೇ ಗಾರೆ ಮೇಸ್ತ್ರಿಯನ್ನ ಕರೆಸಿದೆ. ಅವರು ಕುಕ್ಕರಗಾಲಲ್ಲಿ ಕೂತು ಗೋಡೆ ತಟ್ಟಿದರು, ಮೂಸಿದರು.

"ಇದು ಕೆಳಗ್ನಿಂದ ಏರ್ತಾ ಅದೆ ಸಾರ್. ಇದೆಲ್ಲಾ ಮುಂಚೆ ಕೆರೆ ಅಂಚು. ನಮ್ಮಪ್ಪ ಇಲ್ಲೇ ಮೀನು ಇಡೀತಿತ್ತು."

"ಇಲ್ಲೇ ಅಂದ್ರೆ, ಈ ರಸ್ತೇಲಾ?"

ಮೇಸ್ತ್ರಿ ಎದ್ದು, ನಿಧಾನವಾಗಿ ಅಡುಗೆಮನೆಗೆ ನಡೆದು, ಗ್ಯಾಸ್ ಒಲೆ ಪಕ್ಕ ನಿಂತು "ಇಲ್ಲಿ" ಅಂದರು.

ನಾನು ಅಲ್ಲೇ ಕುರ್ಚಿ ಎಳೆದು ಕೂತೆ. "ಮನೆ ತಗೊಳ್ಳೋಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳಬೇಕಾಗಿತ್ತು" ಅಂದೆ.

"ಕೇಳಿದ್ರಲ್ಲ ಸಾರ್. ನೀವು ಮನೆ ನೋಡಕ್ಕೆ ಬಂದ ದಿನ ನಾನು ಎದ್ರುಗಡೆ ಟೀ ಅಂಗಡೀಲಿ ಕುಂತಿದ್ದೆ. ವಾಸ್ತು ನೋಡ್ಬೇಕು, ಪೂರ್ವ ಯಾವ ಕಡೆ ಅಂದ್ರಿ. ನಾನೇ ಕೈ ಮಾಡಿ ತೋರಿಸ್ದೆ. ಅದೊಂದೇ ತಾನೇ ನೀವು ಕೇಳಿದ್ದು."

ಧಾರೆ ಸೀರೆ

ಇದನ್ನ ಹೇಳುವಾಗ ನಗು ಬಂದರೂ ಎದೆ ಚುರುಕ್ ಅನ್ನುತ್ತೆ. ಹೆಂಡತಿಯ ಧಾರೆ ಸೀರೆ ಗೋಡೆಯೊಳಗಿನ ಬೀರುವಿನಲ್ಲಿ ಇತ್ತು. ಅವಳ ಅಣ್ಣನ ಮಗಳ ಮದುವೆಗೆ ಉಡೋಣ ಅಂತ ತೆಗೆದರೆ ಸೀರೆ ತುಂಬಾ ಬೂಷ್ಟು. ಬಿಸಿಲಿಗೆ ಹಾಕಿ, ಬ್ರಶ್ಶಿನಲ್ಲಿ ಉಜ್ಜಿ ಬೂಷ್ಟೇನೋ ಹೋಯ್ತು. ಆದರೆ ಮೆರೂನ್ ಬಣ್ಣದ ಮೇಲೆ ಅಲ್ಲಲ್ಲಿ ಬಿಳಿಚಿದ ಚುಕ್ಕೆಗಳು ಉಳಿದುಬಿಟ್ಟವು. ಬೇರೆ ಸೀರೆ ಉಡು ಅಂದೆ. ಅವಳು ಕೇಳಲಿಲ್ಲ, ಅದನ್ನೇ ಉಟ್ಟಳು.

ಛತ್ರದಲ್ಲಿ ಗಂಡಿನ ಕಡೆಯ ಒಬ್ಬ ಹೆಂಗಸು ಅವಳ ಸೆರಗು ಹಿಡಿದು ನೋಡಿ, "ಎಷ್ಟು ಅಪರೂಪದ ಬುಟ್ಟಾ ಕಣ್ರೀ. ಯಾವ ಅಂಗಡೀಲಿ ತಗೊಂಡ್ರಿ?" ಅಂದರು.

ನನ್ನ ಹೆಂಡತಿ ನನ್ನನ್ನೇ ನೋಡುತ್ತಾ ಉತ್ತರ ಕೊಟ್ಟಳು: "ಅಂಗಡೀಲಿ ಸಿಗಲ್ಲ. ನಮ್ಮನೇಲೇ ಬೆಳೀತೀವಿ."

ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಕ್ಷಮೆ ಕೇಳಿದೆ. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಬೈದಿದ್ದರೆ ಹಗುರವಾಗುತ್ತಿತ್ತು.

ಪಾಸು

ತಾರಸಿ ಸೋರುತ್ತೆ ಅಂತ ಒಬ್ಬ ಕಂಟ್ರಾಕ್ಟರ್‌ನನ್ನ ಕರೆಸಿ ಮೇಲೆಲ್ಲ ಕಪ್ಪನೆಯ ಲೇಪ ಹಾಕಿಸಿದೆ. ಲೇಪ ಒಣಗಿದ ಮೇಲೆ ಅವನು ತಾರಸಿಯ ಮೇಲೆ ನೀರು ಕಟ್ಟಿ ನಿಲ್ಲಿಸಿದ. ಎರಡು ದಿನ ಬಿಟ್ಟು ಬಂದು, ಮೇಲೆ ಹತ್ತಿ ನೋಡಿ, ಅಲ್ಲಿಂದಲೇ ಕೂಗಿದ: "ಟೆಸ್ಟ್ ಪಾಸಾಯ್ತು ಸಾರ್. ನೋಡಿ ಬನ್ನಿ, ಮೇಲೆ ಒಂದು ತೊಟ್ಟು ನೀರು ಉಳಿದಿಲ್ಲ."

ಕೆಳಗೆ ನನ್ನ ಹೆಂಡತಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಹುಳಿ ಕುದಿಸುತ್ತಿದ್ದಳು.

ಪ್ರಶಸ್ತಿ

ಈ ಮನೆಗೆ ಬಂದ ಮೂರನೇ ವರ್ಷ ಕಾರ್ಖಾನೆಯಲ್ಲಿ ನನಗೊಂದು ಪ್ರಶಸ್ತಿ ಕೊಟ್ಟರು. 'ದೋಷ ಪತ್ತೆಯಲ್ಲಿ ವರ್ಷದ ಅತ್ಯುತ್ತಮ ಇನ್ಸ್‌ಪೆಕ್ಟರ್' ಅಂತ ಬರೆದು ಗಾಜಿನ ಕಟ್ಟು ಹಾಕಿಸಿದ್ದರು. ಇಡೀ ಮನೆಯಲ್ಲಿ ಒಣಗಿದ್ದ ಗೋಡೆ ಅಂದರೆ ಮಲಗುವ ಕೋಣೆಯದು ಒಂದೇ. ಭಾನುವಾರ ಡ್ರಿಲ್ ತಂದು ಅಲ್ಲೇ ತೂತು ಕೊರೆದು, ಉದ್ದನೆಯ ಮೊಳೆ ಬಡಿದು, ಪ್ರಶಸ್ತಿ ತೂಗುಹಾಕಿದೆ. ಕೊರೆಯುವಾಗ ಪುಡಿ ಸ್ವಲ್ಪ ಒದ್ದೆಯಾಗಿ ಬಂತು. ಹಳೇ ಗೋಡೆ ಅಲ್ವಾ ಅಂದ್ಕೊಂಡೆ. ಅವತ್ತು ನಲ್ಲಿ ನೀರು ಬಂದಿರಲಿಲ್ಲ, ಟ್ಯಾಂಕ್ ಖಾಲಿಯಿತ್ತು.

ತಿಂಗಳೊಪ್ಪತ್ತಿನಲ್ಲಿ ಆ ಗೋಡೆಯೂ ಒದ್ದೆ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಹಳೇ ಮಾಲೀಕರಿಗೆ ಫೋನ್ ಹಚ್ಚಿ ಬಾಯಿಗೆ ಬಂದ ಹಾಗೆ ಮಾತಾಡಿದೆ. "ನಿಮ್ಮನ್ನ ದೊಡ್ಡವರು ಅಂತ ನಂಬಿದ್ದೆ. ಈಗ ಮಲಗೋ ಕೋಣೇದೂ ಒದ್ದೆ. ಒಂದೇ ಒಂದು ಗೋಡೇನೂ ಸರಿಯಾಗಿರೋದು ಬಿಟ್ಟು ಹೋಗಲಿಲ್ವಲ್ಲ" ಅಂದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, "ನಾಳೆ ಬರ್ತೀನಿ" ಅಂತ ಇಟ್ಟರು.

ಮಾರನೇ ದಿನ ಬೆಳಿಗ್ಗೆ ಮಾರತ್ತಹಳ್ಳಿಯ ಮಗಳ ಮನೆಯಿಂದ ಎರಡು ಬಸ್ಸು ಬದಲಾಯಿಸಿ ನಿಜವಾಗಲೂ ಬಂದರು. ಅದೇ ಬಿಳಿ ಶರಟು, ಮುಂಚೆಗಿಂತ ಸೊರಗಿದ್ದರು. ನೇರ ಕೋಣೆಗೆ ಹೋಗಿ, ಪ್ರಶಸ್ತಿಯನ್ನ ಕೆಳಗಿಳಿಸಿ ಮಂಚದ ಮೇಲಿಟ್ಟು, ಗೋಡೆ ಮುಟ್ಟಿ ನೋಡಿದರು.

"ಈ ಮೊಳೆ ನಮ್ಮ ಕಾಲದ್ದಲ್ಲ" ಅಂದರು.

"ಮೊಳೆಗೂ ತೇವಕ್ಕೂ ಏನ್ ಸಾರ್ ಸಂಬಂಧ?" ಅಂತ ನಾನು ಕಟಿಂಗ್ ಪ್ಲೇಯರ್ ತಂದು ಅವರ ಮುಂದೆಯೇ ಮೊಳೆ ಕಿತ್ತೆ.

ಗೋಡೆಯೊಳಗಿಂದ ನೀರು ಪಿಚಕಾರಿ ಹಾಗೆ ಚಿಮ್ಮಿ ಹಿರಿಯರ ಎದೆಗೆ ಬಡಿಯಿತು. ಅವರು ಗಾಬರಿಯಾಗಲಿಲ್ಲ. ಹೆಬ್ಬೆರಳಲ್ಲಿ ತೂತು ಮುಚ್ಚಿ ಹಿಡಿದು, "ಇದರ ಹಿಂದೆ ಬಾತ್‌ರೂಮಿನ ಪೈಪು ಹೋಗಿದೆ. ಮೇಲೆ ಹೋಗಿ ಟ್ಯಾಂಕಿನ ವಾಲ್ವ್ ಮುಚ್ಚಿ" ಅಂದರು. ನಾನು ತಾರಸಿಗೆ ಓಡಿದೆ.

ಇಳಿದು ಬರೋಷ್ಟರಲ್ಲಿ ನನ್ನ ಹೆಂಡತಿ ಅವರಿಗೆ ಟವೆಲ್ಲು ಕೊಟ್ಟು, ನನ್ನದೊಂದು ಶರಟು ತೊಡಿಸಿ ಕೂರಿಸಿದ್ದಳು. ನನಗೆ ಮುಖ ಎತ್ತಲಾಗಲಿಲ್ಲ. "ನಿನ್ನೆ ಹಾಗೆಲ್ಲ ಮಾತಾಡಬಾರದಾಗಿತ್ತು ಸಾರ್. ತಪ್ಪಾಯ್ತು" ಅಂದೆ.

"ನಾನೂ ಹೇಳಬೇಕಾಗಿತ್ತು ಬಿಡಿ" ಅಂದರು ಅವರು. "ಆಗ ನಮ್ಮನೆಯವರಿಗೆ ಆಪರೇಷನ್ ಆಗ್ಬೇಕಿತ್ತು, ಅವಸರ. ನಿಜ ಹೇಳಿದ್ರೆ ನೀವು ತಗೊಳ್ಳಲ್ಲ ಅಂತ ಭಯ. ಅವರೂ ಉಳೀಲಿಲ್ಲ. ಪ್ರತಿ ಮಳೆಗೂ ನೀವು ಬೈತಿದೀರೇನೋ ಅಂತ ಅನ್ಸುತ್ತೆ."

"ಬೈತಿದ್ವಿ" ಅಂದಳು ನನ್ನ ಹೆಂಡತಿ, ಕಾಫಿ ಲೋಟ ಮುಂದಿಡುತ್ತಾ.

ಅವರು ತಲೆಯಾಡಿಸಿ ಕಾಫಿ ಕುಡಿದರು. ಆಮೇಲೆ ಮಂಚದ ಮೇಲಿದ್ದ ಪ್ರಶಸ್ತಿಯನ್ನ ಎತ್ತಿ, ಟವೆಲ್ಲಿನಿಂದ ಗಾಜು ಒರೆಸಿ, ಕನ್ನಡಕ ಹಾಕಿಕೊಂಡು ಒಂದೊಂದೇ ಪದ ಓದಿದರು. ಓದಿ ಮುಗಿಸಿ ನನ್ನನ್ನ ನೋಡಿದರು, ಗೋಡೆಯ ತೂತನ್ನ ನೋಡಿದರು.

"ಉಳಿದ ಗೋಡೆಗಳೆಲ್ಲ ನನ್ನ ತಪ್ಪೇ, ಒಪ್ಕೋತೀನಿ" ಅಂದರು. "ಇದೊಂದನ್ನ ನಿಮ್ಮ ಹೆಸರಿಗೆ ಬರ್ಕೊಳ್ಳಿ."